ರೋಬೋಟಿಗೂ ಸೋಮವಾರ

ಖಾಲಿ ಕೋಣೆಗೆ ಕಾಲಿಡುವ ಮುಂಚೆ ನಾನು ಒಂದು ಸಲ ಕೆಮ್ಮುತ್ತೇನೆ. ನೆಗಡಿ ಆಗಿರುವುದಿಲ್ಲ, ಗಂಟಲು ಕೆರೆದಿರುವುದಿಲ್ಲ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದರೂ ಕೆಮ್ಮುತ್ತೇನೆ. ಯಾರೂ ಇಲ್ಲ ಅಂತ ಚೆನ್ನಾಗಿ ಗೊತ್ತಿದ್ದರೆ ಇನ್ನೊಂದು ಸಲ ಜಾಸ್ತಿ ಕೆಮ್ಮುತ್ತೇನೆ. ಸೊಸೆ ಮೊದಲು ಶುಂಠಿ ಕಷಾಯ ಕಾಸಿಕೊಟ್ಟಳು, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಕೊನೆಗೆ ಅತ್ತೆಗೆ ಅದೊಂದು ಚಾಳಿ ಅಂತ ಕೈಬಿಟ್ಟಳು. ಚಾಳಿಯೇ ಸರಿ. ಒಳಗಿರುವುದು ಏನೇ ಇರಲಿ, ನಾನು ಬರುತ್ತಿದ್ದೇನೆ ಅಂತ ಅದಕ್ಕೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದಲ್ಲವೇ? ಸುಮ್ಮನೆ ಇಬ್ಬರೂ ಬೆಚ್ಚುವುದು ಯಾಕೆ?

ಇದು ನನಗೆ ಅಂಟಿಕೊಂಡಿದ್ದು ನನ್ನ ಮೊಮ್ಮಗಳು ಪವಿತ್ರ ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಆ ವರ್ಷ ಅವಳ ಶಾಲೆಯ ಮಕ್ಕಳು ಹಿರಿಯೂರಿನ ನಮ್ಮ ಮನೆಯ ಹಿಂದಿನ ಕೊಬ್ಬರಿ ಶೆಡ್ಡಿನಲ್ಲಿ ಒಂದು ರೋಬೋಟು ಕಟ್ಟಿದರು. ನಾನು ಓದಿದ್ದು ಹೊಸದುರ್ಗದ ಕಡೆಯ ನನ್ನ ತವರಿನಲ್ಲಿ, ನಾಲ್ಕನೇ ಕ್ಲಾಸಿನ ತನಕ. ಅದೂ ಎಮ್ಮೆ ಈದ ದಿನ, ಹುಣಸೆ ಬಡಿಯುವ ದಿನ ಬಿಟ್ಟು ಉಳಿದ ದಿನ. ಹಾಗಾಗಿ ಯಂತ್ರದ ವಿಚಾರ ಹೇಳುವಾಗ ನಾನು ಎಡವಿದರೆ ನೀವೇ ಹಿಡಿದುಕೊಳ್ಳಬೇಕು. ಆ ಮಾತು ಬಂದರೆ ನನಗೆ ಈಗಲೂ ಹಿಗ್ಗು ತಡೆಯುವುದಿಲ್ಲ, ಎದೆ ತುಂಬಿ ಬಾಯಿಗೆ ಬಂದುಬಿಡುತ್ತದೆ. ಆದರೆ ಹಿಗ್ಗಿನ ಬೆನ್ನಿಗೇ ಒಂದು ತಣ್ಣನೆಯ ಗಾಳಿ ಕುತ್ತಿಗೆಯ ಹಿಂದೆ ಆಡಿಹೋಗುತ್ತದೆ. ಎರಡೂ ಜೊತೆಯಲ್ಲೇ ಬರುತ್ತವೆ.

ಮೊದಲು ಆ ಶೆಡ್ಡಿನ ಬಗ್ಗೆ ಹೇಳಬೇಕು. ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಒಣಗುತ್ತದೆ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಕಾಯಿ ಅಲ್ಲಾಡಿದರೆ ಒಳಗೆ ಗುಡುಗುಡು ಅನ್ನುತ್ತದೆ. ಇಲಿ ಓಡಿದರೂ ಗುಡುಗುಡು, ಗಾಳಿಗೆ ಅಟ್ಟ ಅದುರಿದರೂ ಗುಡುಗುಡು. ಸಾವಿರಾರು ತಲೆಗಳು ಕತ್ತಲಲ್ಲಿ ಕುಳಿತು ಏನೋ ನೆನಪಿಸಿಕೊಳ್ಳುತ್ತಿರುವ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಕಡೆ ತಲೆಯಿಟ್ಟು ಮಲಗುತ್ತಿರಲಿಲ್ಲ. ಹೆಂಚಿನ ಮಾಡು, ಅದರಲ್ಲಿ ಬೆಳಕಿಗೆ ಅಂತ ಒಂದೇ ಒಂದು ಗಾಜಿನ ಹೆಂಚು. ಆ ಹೆಂಚಿನಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿದು ನೆಲದ ಮೇಲೆ ನಿಧಾನ ಸರಿಯುತ್ತಿತ್ತು.

ಅಟ್ಟದ ಕೆಳಗಿನ ಜಾಗ ಖಾಲಿ ಇತ್ತು. ಶಾಲೆಯಲ್ಲಿ ಜಾಗ ಇಲ್ಲ ಅಂತ ಪವಿ ತನ್ನ ಗೆಳತಿಯರನ್ನೂ ವಿಜ್ಞಾನದ ಮೇಷ್ಟ್ರನ್ನೂ ಅಲ್ಲಿಗೇ ಕರೆದುಕೊಂಡು ಬಂದಳು. ಮೇಷ್ಟ್ರ ಹೆಸರು ತಿಪ್ಪೇಸ್ವಾಮಿ. ಎಳೇ ವಯಸ್ಸು, ತೆಳ್ಳಗಿನ ಮನುಷ್ಯ, ನಗುವಾಗ ಮುಖವೆಲ್ಲ ನಗುತ್ತಿತ್ತು. ಹೆಂಡತಿ, ಹಾಲುಗೂಸು ಹೊಳಲ್ಕೆರೆಯಲ್ಲಿ. ಇವರು ಇಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ದುರ್ಗದಲ್ಲಿ ಜಿಲ್ಲೆಯ ಶಾಲೆಗಳಿಗೆಲ್ಲ ರೋಬೋಟಿನ ಪಂದ್ಯ ಇದೆಯಂತೆ, ಅಲ್ಲಿನ ದೊಡ್ಡ ಹಾಲ್‌ನ ಒಂದು ತುದಿಯಲ್ಲಿ ಯಂತ್ರವನ್ನು ಬಿಟ್ಟರೆ ಅದು ತಾನಾಗೇ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಇನ್ನೊಂದು ತುದಿಯ ದೀಪದ ಹತ್ತಿರ ಹೋಗಿ ನಿಲ್ಲಬೇಕಂತೆ. ಅಲ್ಲಿ ಒಂದು ಬಾವುಟವನ್ನೂ ಎತ್ತಿದರೆ ಹೆಚ್ಚಿನ ಅಂಕವಂತೆ.

"ಇದಕ್ಕೆ ನಿಮಗೆ ಏನಾದ್ರೂ ಕೊಡ್ತಾರೇನಪ್ಪ?" ಅಂತ ಕೇಳಿದೆ.

"ಏನೂ ಇಲ್ಲ ಅಮ್ಮಾ. ಮಕ್ಳು ಕಲೀತಾವಲ್ಲ."

ಮೊದಲಿಗೆ ಅವರ ಜೊತೆ ಒಬ್ಬರು ಕರೆಂಟಿನ ಕೆಲಸದವರು, ಒಬ್ಬ ಹುಡುಗಿಯ ತಂದೆ, ಇನ್ನು ಯಾರೋ ಕಾಲೇಜಿನವರು ಎಲ್ಲ ಬರುತ್ತಿದ್ದರು. ನಾನು ಮಂಡಕ್ಕಿ ಒಗ್ಗರಣೆ ಮಾಡಿ ದೊಡ್ಡ ಬುಟ್ಟಿಯಲ್ಲಿ ಕಳಿಸುತ್ತಿದ್ದೆ, ಬುಟ್ಟಿ ಖಾಲಿಯಾಗಿ ಬರುತ್ತಿತ್ತು. ಆಮೇಲೆ ಒಬ್ಬರಿಗೆ ಮನೆಯಲ್ಲಿ ಕೆಲಸ, ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರು ಕಾರಣವನ್ನೇ ಹೇಳದೆ ನಿಂತುಹೋದರು. ಬುಟ್ಟಿಯಲ್ಲಿ ಮಂಡಕ್ಕಿ ಉಳಿಯತೊಡಗಿತು. ಕೊನೆಗೆ ದೊಡ್ಡವರು ಅಂತ ಉಳಿದವರು ಮೇಷ್ಟ್ರೊಬ್ಬರೇ. ಶಾಲೆಗೆ ಮುಂಚೆ ಒಂದು ಗಳಿಗೆ ಬರುತ್ತಿದ್ದರು, ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು, ಭಾನುವಾರ ಇಡೀ ದಿನ ಬರುತ್ತಿದ್ದರು. ಹೊಳಲ್ಕೆರೆಗೆ ಹೋಗುವುದು ನಿಂತೇಹೋಯಿತು.

ಒಂದು ದಿನ ಮಟಮಟ ಮಧ್ಯಾಹ್ನ. ನಮ್ಮ ಕಡೆಯ ಮಧ್ಯಾಹ್ನ ನಿಮಗೆ ಗೊತ್ತಿರಬಹುದು; ನಾಯಿ ಬೊಗಳುವುದಿಲ್ಲ, ಎಲೆ ಅಲ್ಲಾಡುವುದಿಲ್ಲ, ನೆರಳು ಕಾಲಡಿಗೆ ಸೇರಿಕೊಂಡಿರುತ್ತದೆ. ನಾನು ಚಿಕ್ಕವಳಿದ್ದಾಗ ಆ ಹೊತ್ತಿನಲ್ಲಿ ಹುಣಸೆಮರದ ಕಡೆ ಹೋಗಬೇಡ, ಅದು ಅವುಗಳ ಹೊತ್ತು ಅಂತ ಅವ್ವ ಹೇಳುತ್ತಿದ್ದಳು. ಅವು ಅಂದರೆ ಯಾವುವು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿ ನಾನೊಬ್ಬಳೇ. ಹಪ್ಪಳಕ್ಕೆ ಅಂತ ಗೋಣಿತಾಟು ತರಲು ಶೆಡ್ಡಿನ ಕಡೆ ಹೋದೆ. ಬಾಗಿಲಿಗೆ ಕೈ ಹಾಕಿದವಳು ಹಾಗೇ ನಿಂತೆ. ಒಳಗೆ ಸದ್ದು. ಇಲಿಯದಲ್ಲ, ಕಾಯಿಯದಲ್ಲ. ಯಾರೋ ಹಲ್ಲು ಬಿಗಿಹಿಡಿದು ಗುನುಗಿದ ಹಾಗೆ, ಸ್ವಲ್ಪ ಹೊತ್ತು ಗುನುಗಿ ನಿಲ್ಲುವುದು, ಯೋಚಿಸುವುದು, ಮತ್ತೆ ಗುನುಗುವುದು.

ಬಾಗಿಲ ಸಂದಿಯಲ್ಲಿ ಕಣ್ಣಿಟ್ಟೆ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ನೆಲದ ಮೇಲೆ ಆ ಯಂತ್ರ ತಾನಾಗೇ ನಡೆಯುತ್ತಿತ್ತು. ಪೌಡರು ಡಬ್ಬಿಯ ಮುಚ್ಚಳದ ಗಾಲಿ, ಮೇಲೆ ತಂತಿಗಳ ಗಂಟು, ಮುಂದೆ ಎರಡು ಪುಟ್ಟ ಕಣ್ಣು. ಒಂದು ಗೇಣು ಸರಿಯಿತು, ನಿಂತಿತು. ಆಮೇಲೆ ಮೆಲ್ಲಗೆ ತಿರುಗಿ ನನ್ನ ಸಂದಿಯ ಕಡೆಗೇ ನೋಡಿತು.

ನಾನು ಓಡಿದ್ದು ನೆನಪಿಲ್ಲ. ಪಕ್ಕದ ಮನೆ ಗೌರಕ್ಕನ ಜಗಲಿಯ ಮೇಲೆ ಕುಳಿತಿದ್ದೆ, ಒಂದು ಚಪ್ಪಲಿ ಮಾತ್ರ ಕಾಲಲ್ಲಿತ್ತು.

"ನಿಂಬೆಹಣ್ಣು ಕಟ್ಟು ಬಾಗ್ಲಿಗೆ" ಅಂದಳು ಗೌರಕ್ಕ. "ಕಬ್ಬಿಣ ಕಂಡ್ರೆ ಅವು ಬರಲ್ಲ ಅಂತಿದ್ರು, ಈಗ ನೋಡು, ಕಬ್ಬಿಣದೊಳಗೇ ಸೇರ್ಕಂಡಾವೆ! ಕಾಲ ಕೆಟ್ಟೋತು ಕಣೇ."

ಸಂಜೆ ಪವಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಜ್ಜಿ, ಅದು ಬೆಳಕಿನ ಹಿಂದೆ ಹೋಗೋ ಯಂತ್ರ. ದೀಪ ಹುಡುಕ್ಲಿ ಅಂತಾನೇ ಕಟ್ಟಿರದು. ಮಧ್ಯಾಹ್ನ ಗಾಜಿನ ಹೆಂಚಿಂದ ಬಿಸ್ಲು ಅದರ ಮೇಲೆ ಬಿದ್ದೈತೆ, ಅದು ಬಿಸ್ಲಿನ ಹಿಂದೆ ಹೋಗೈತೆ. ನಮ್ ಸರ್ ಬೆಳಿಗ್ಗೆ ಸ್ವಿಚ್ ಆರಿಸದು ಮರ್ತಿರ್ತಾರೆ."

"ಮೇಷ್ಟ್ರು ಮರೀತಾರೇನೇ?"

ಅವಳ ನಗು ಅಲ್ಲೇ ನಿಂತಿತು. "ಈಗ ದಿನಾ ಮರೀತಾರೆ ಅಜ್ಜಿ. ನಿನ್ನೆ ನನ್ನ ಹೆಸ್ರೂ ಮರ್ತಿದ್ರು."

ದೆವ್ವ ಅಲ್ಲ ಅಂತ ತಿಳಿದ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅದಾದ ಭಾನುವಾರ ಮಧ್ಯಾಹ್ನ ಮಕ್ಕಳು ಊಟಕ್ಕೆ ಅಂತ ಮನೆಗಳಿಗೆ ಹೋಗಿದ್ದರು. ಮೇಷ್ಟ್ರು ಊಟಕ್ಕೆ ಬರಲಿಲ್ಲವಲ್ಲ ಅಂತ ನಾನೇ ತಟ್ಟೆ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಒಳಗೆ ಅವರ ಮಾತು ಕೇಳಿಸಿತು.

"ಎಲ್ರೂ ಕೂತ್ಕೊಳ್ರಿ. ಹಿಂದಿನ ಬೆಂಚು, ಗಲಾಟೆ ಬೇಡ. ಈ ತಂತಿ ಎಲ್ಲಿಗೆ ಹೋಗ್ತದೆ, ಯಾರು ಹೇಳ್ತೀರಿ?"

ಓಹೋ, ಮಕ್ಕಳು ಆಗಲೇ ಬಂದಿದ್ದಾವೆ ಅಂದುಕೊಂಡು ಬಾಗಿಲು ತಳ್ಳಿದೆ. ಯಾರೂ ಇರಲಿಲ್ಲ. ಮೇಷ್ಟ್ರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಖಾಲಿ ಗೋಡೆಯ ಕಡೆ ಮುಖ ಮಾಡಿ ಉತ್ತರಕ್ಕೆ ಕಾಯುತ್ತಿದ್ದರು. ಕಣ್ಣು ತೆರೆದೇ ಇದ್ದವು. ಬಲಗೈಯ ಬೆರಳುಗಳು ತಿರುಪು ತಿರುಗಿಸುತ್ತಿದ್ದವು. ಕೈಯಲ್ಲಿ ತಿರುಪೂ ಇಲ್ಲ, ಸ್ಕ್ರೂಡ್ರೈವರೂ ಇಲ್ಲ. ಬಿಸಿಲುಕೋಲು ಅವರ ಪಕ್ಕದಲ್ಲಿ ಬಿದ್ದಿತ್ತು, ಅದರೊಳಗೆ ಆ ಯಂತ್ರ ಬಂದು ನಿಂತು ಗುನುಗುತ್ತಿತ್ತು. ಅಟ್ಟದ ಮೇಲೆ ಕಾಯಿಗಳು ಒಂದು ಸಲ ಗುಡುಗುಡು ಅಂದವು. ಮೇಷ್ಟ್ರು ತಲೆ ಆಡಿಸಿ, "ಹ್ಞಾ, ಸರಿಯಾಗಿ ಹೇಳಿದೆ" ಅಂದರು.

ತಟ್ಟೆ ಕೆಳಗಿಟ್ಟು ಅವರ ಭುಜ ಹಿಡಿದು ಅಲ್ಲಾಡಿಸಿದೆ. "ಏನಪ್ಪ, ಏನಪ್ಪ ತಿಪ್ಪೇಸ್ವಾಮಿ!"

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ಗುರುತಿಲ್ಲದವರ ಮುಖ ನೋಡುವ ಹಾಗೆ. ಆಮೇಲೆ, "ಇವತ್ತು ಯಾವ ವಾರ ಅಮ್ಮಾ?" ಅಂದರು.

ಈಗ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ತವರಿನಲ್ಲಿ ಒಂದು ಎಣ್ಣೆಗಾಣ ಇತ್ತು, ಅದಕ್ಕೆ ಒಂದು ಬಿಳಿ ಎತ್ತು. ಬೆಳಗಾದರೆ ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಲು ಬಿಡುತ್ತಿದ್ದರು. ಒಂದು ವರ್ಷ ಹುಚ್ಚೆಳ್ಳು ಬಹಳ ಬಂದಿತ್ತು, ಗಾಣದವರು ಆ ಎತ್ತಿಗೆ ಬಿಡುವೇ ಕೊಡಲಿಲ್ಲ. ಒಂದು ಸಂಜೆ ನಾವು ಹುಡುಗಿಯರು ಬಯಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಆ ಎತ್ತು ಅಲ್ಲಿ ಮೇಯಲು ಬಂದಿತ್ತು. ಕೊರಳಲ್ಲಿ ನೊಗ ಇಲ್ಲ, ಕಣ್ಣಿಗೆ ಬಟ್ಟೆ ಇಲ್ಲ, ಸುತ್ತ ಹಸಿರು ಹುಲ್ಲು. ಅದು ಮೇಯಲೇ ಇಲ್ಲ. ಸುತ್ತತೊಡಗಿತು. ಗಾಣದ ಸುತ್ತಿನಷ್ಟೇ ಅಳತೆ, ಒಂದು ಹೆಜ್ಜೆ ಆಚೆ ಇಲ್ಲ, ಈಚೆ ಇಲ್ಲ. ನಾವು ಮೊದಲು ನಕ್ಕೆವು, ಆಮೇಲೆ ಸುಮ್ಮನಾದೆವು, ಆಮೇಲೆ ಮನೆಗೆ ಓಡಿದೆವು. ನಮ್ಮಪ್ಪ ಬಂದು ನೋಡಿ, "ನೊಗ ಇಳಿಸಿದ್ರೂ ಇಳಿದಿಲ್ಲ ಅದಕ್ಕೆ" ಅಂತ ಹೇಳಿ ಅದರ ಕೊರಳು ತಬ್ಬಿಕೊಂಡು ನಿಂತಿದ್ದು ನನ್ನ ಕಣ್ಣಿಗೆ ಕಟ್ಟಿದೆ. ನಮ್ಮ ಮನೆಯಲ್ಲಿ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪಿಹೋಗುತ್ತದೆ ಅಂದರೂ ಇಲ್ಲ, ಮಳೆ ಮೋಡ ತಲೆಯ ಮೇಲೆ ನಿಂತಿದೆ ಅಂದರೂ ಇಲ್ಲ. ಅವತ್ತು ಅವುಗಳ ಮೈ ತೊಳೆಯುವುದು, ಕೊಂಬಿಗೆ ಎಣ್ಣೆ ಹಚ್ಚುವುದು, ಸುಮ್ಮನೆ ನಿಲ್ಲಲು ಬಿಡುವುದು.

ಮೇಷ್ಟ್ರ ಬೆರಳು ಗಾಳಿಯಲ್ಲಿ ತಿರುಗುತ್ತಿದ್ದುದನ್ನು ನೋಡಿದಾಗ ನನಗೆ ಆ ಬಿಳಿ ಎತ್ತೇ ಕಣ್ಣ ಮುಂದೆ ಬಂತು. ಮಾರನೆಯ ದಿನ ಸೋಮವಾರ. ನಾನು ಶೆಡ್ಡಿಗೆ ಬೀಗ ಜಡಿದು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಪವಿ ಬಂದಳು, ನೋಡಿದಳು, ಕೂಗಾಡಿದಳು. "ಅಜ್ಜಿ, ಬೀಗ ತೆಗಿ! ಪಂದ್ಯ ಇನ್ನೇನು ಬಂದೇ ಬಿಡ್ತು. ಬಾವುಟ ಎತ್ತೋ ಕೈ ಇನ್ನೂ ಕೂಡ್ಸೇ ಇಲ್ಲ!"

"ಇವತ್ತು ಸೋಮವಾರ. ನಮ್ಮ ಮನೇಲಿ ಹೂಡಲ್ಲ."

"ಅದು ಎತ್ತಿಗೆ ಅಜ್ಜಿ! ರೋಬೋಟಿಗೆ ಯಾವ ಸೋಮವಾರ?"

"ನಿನ್ನ ರೋಬೋಟು ಹಾಳಾಗೋಗ್ಲಿ, ಮೇಷ್ಟ್ರಿಗೆ ಅಂತ ಹೇಳ್ತಿರದು. ಯಂತ್ರ ಮುಗೀಬೇಕು, ಅದನ್ನ ಕಟ್ಟೋ ಮನುಷ್ಯನೇ ಮುಗಿದೋದ್ರೆ ದುರ್ಗಕ್ಕೆ ಯಾರ್ನ ಕರ್ಕಂಡು ಹೋಗ್ತೀಯಾ?"

"ನಿಂಗೆ ನಾವು ಗೆಲ್ಲದು ಬೇಕಾಗೇ ಇಲ್ಲ!" ಅಂತ ಅತ್ತುಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಬೇಕಾಗಿಲ್ಲವೇ? ನನ್ನ ಮೊಮ್ಮಗಳು ಕಟ್ಟಿದ ಯಂತ್ರ ದುರ್ಗದಲ್ಲಿ ನಾಲ್ಕು ಜನರ ಮುಂದೆ ಓಡುವುದನ್ನು ನಾನು ಹಗಲೂ ರಾತ್ರಿ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದವಳು. ಆದರೂ ಗಂಟು ಬಿಚ್ಚಲಿಲ್ಲ.

ಮೇಷ್ಟ್ರು ಶಾಲೆ ಬಿಟ್ಟ ಮೇಲೆ ನೆಟ್ಟಗೆ ಶೆಡ್ಡಿಗೆ ಬಂದರು. ಬೀಗ ಹಾಕಿದೆ ಅಂತ ನಾನು ಕೂಗಿ ಹೇಳಿದೆ. ಕೇಳಿಸಿತು, ಹೂಂ ಅಂದರು. ಅಂದವರು ಬಾಗಿಲನ್ನು ತಳ್ಳಿದರು. ಇನ್ನೊಂದು ಸಲ ತಳ್ಳಿದರು. ಬೀಗವನ್ನು ನೋಡುತ್ತಲೇ ಮತ್ತೆ ತಳ್ಳಿದರು. ನಾನು ಹೋಗಿ ಕೈ ಹಿಡಿದು ಜಗಲಿಗೆ ಕರೆದುಕೊಂಡು ಬಂದೆ.

"ಕುಂತ್ಕಳ್ರಿ. ಮುದ್ದೆ ಐತೆ, ಅವರೆಕಾಳು ಸಾರೈತೆ. ಉಣ್ರಿ. ಆಮೇಲೆ ಹೊಳಲ್ಕೆರೆ ಬಸ್ ಹತ್ರಿ."

"ಮಕ್ಳಿಗೆ ಮಾತು ಕೊಟ್ಟೀನಿ ಅಮ್ಮಾ. ನಾನು ಬಿಟ್ರೆ ಇನ್ಯಾರೂ ಇಲ್ಲ."

"ಅದಕ್ಕೇ ಹೋಗ್ರಿ ಅಂತಿರದು. ಇನ್ಯಾರೂ ಇಲ್ಲ."

ಹೋದರು. ಮಂಗಳವಾರ ಬೆಳಿಗ್ಗೆ ಬಂದವರ ಮುಖ ಬೆಳ್ಳಗೆ ಬಿಳುಚಿಕೊಂಡಿತ್ತು. "ಮಗು ನನ್ನ ನೋಡಿ ಚೀರ್ತು ಅಮ್ಮಾ," ಅಂದರು. "ಯಾರೋ ಅಂದ್ಕಂತು. ಅವರ ಅಮ್ಮ ಸಮಾಧಾನ ಮಾಡಿದ ಮೇಲೂ ನನ್ನ ಕೈ ನೋಡ್ತಾನೇ ಅಳ್ತಿತ್ತು. ಆಗ ನೋಡ್ಕಂಡೆ, ನನ್ನ ಬೆರಳು ತಿರುಗ್ತಾ ಇದ್ದಾವೆ. ನನಗೆ ಗೊತ್ತೇ ಇರ್ಲಿಲ್ಲ."

ಅವತ್ತೇ ಅವರು ಮಕ್ಕಳನ್ನು ಕೂರಿಸಿಕೊಂಡು, ಬಾವುಟ ಎತ್ತುವ ಕೈ ಬೇಡ, ಕಾಲು ಕಣ್ಣು ಸಾಕು ಅಂತ ತೀರ್ಮಾನ ಮಾಡಿದರು. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಎಷ್ಟಾಗುತ್ತದೋ ಅಷ್ಟು. ಪವಿ ನನ್ನ ಜೊತೆ ಮಾತು ಬಿಟ್ಟಳು. ಆದರೆ ಅಲ್ಲಿಂದ ಮುಂದೆ ಮೇಷ್ಟ್ರು ತಂತಿ ತಾವು ಹಿಡಿಯುವುದು ಕಡಿಮೆ ಮಾಡಿ ಮಕ್ಕಳ ಕೈಗೇ ಕೊಡತೊಡಗಿದರು. ಮಕ್ಕಳು ಬೆರಳು ಸುಟ್ಟುಕೊಂಡವು, ತಂತಿ ಅದಲು ಬದಲು ಮಾಡಿದವು, ಒಂದು ಸಲ ಯಂತ್ರ ಹಿಂದಕ್ಕೇ ಓಡಿ ಸೌದೆ ರಾಶಿಯೊಳಗೆ ಹೊಕ್ಕಿತು. ಸೋಮವಾರ ನಾನು ಅದರ ಧೂಳು ಒರೆಸಿ, ಒಂದು ಕಣಗಿಲೆ ಹೂವು ಇಟ್ಟು, ಸ್ವಿಚ್ಚು ಆರಿದೆಯಾ ಅಂತ ನೋಡಿ ಬರುತ್ತಿದ್ದೆ. ಆರಿದ್ದರೂ ಅದು ನನ್ನನ್ನು ನೋಡುತ್ತಿದೆ ಅನ್ನಿಸುತ್ತಿತ್ತು. ಬೆನ್ನು ತೋರಿಸದೆ ಹಿಂದಿಂದಕ್ಕೆ ನಡೆದು ಹೊರಗೆ ಬರುತ್ತಿದ್ದೆ.

ಆಮೇಲೆ ಪಂದ್ಯದ ದಿನ ಗೊತ್ತಾಯಿತು. ಸೋಮವಾರ!

ಮಾತು ಬಿಟ್ಟಿದ್ದ ಪವಿ ಮಾತಾಡಿಸಲೆಂದೇ ಓಡಿ ಬಂದಳು. "ಈಗೇನು ಮಾಡ್ತೀಯ ಅಜ್ಜಿ? ದುರ್ಗಕ್ಕೂ ಬೀಗ ಹಾಕ್ತೀಯಾ?"

ಉತ್ತರ ಕೊಟ್ಟವರು ಮೇಷ್ಟ್ರು. "ನಾನು ಬರ್ತೀನಿ ಪವಿತ್ರ. ಆದ್ರೆ ಮುಟ್ಟಲ್ಲ. ಅಜ್ಜಿ ಪಕ್ಕ ಕುಂತಿರ್ತೀನಿ. ಎಲ್ಲ ನೀವೇ."

ಮಕ್ಕಳ ಮುಖದಲ್ಲಿ ರಕ್ತ ಇರಲಿಲ್ಲ. ಇಷ್ಟು ದಿನದ ಅವರ ಶ್ರಮ ನನ್ನ ಹಟದಿಂದ ಮಣ್ಣುಪಾಲಾದರೆ?

ಮಕ್ಕಳು, ಯಂತ್ರ ಎಲ್ಲ ನನ್ನ ಮಗನ ತೆಂಗಿನಕಾಯಿ ಟೆಂಪೊದಲ್ಲಿ ಹೋದವು. ನನ್ನ ಬೆನ್ನಿಗೆ ಟೆಂಪೊ ಆಗದು ಅಂತ ನಾನೂ ಮೇಷ್ಟ್ರೂ ಬಸ್ಸಿನಲ್ಲಿ ಹೋದೆವು. ದುರ್ಗದ ಬಂಡೆಗಳು ಬಿಸಿಲಿಗೆ ಉಸಿರು ಹಿಡಿದು ಕುಳಿತ ಹಾಗಿದ್ದವು. ಪಂದ್ಯದ ಹಾಲ್‌ನೊಳಗೆ ಕಾಲಿಟ್ಟರೆ, ಅಷ್ಟು ಜನ ಮಕ್ಕಳಿದ್ದೂ ಗದ್ದಲವೇ ಇಲ್ಲ. ಹತ್ತಿರ ಹೋಗಿ ನೋಡಿದೆ. ಮೇಜಿನ ಮೇಲೆ ತಲೆಯಿಟ್ಟು, ಗೋಡೆಗೆ ಒರಗಿ, ಬ್ಯಾಗಿನ ಮೇಲೆ ಬಿದ್ದು, ಎಷ್ಟೋ ಮಕ್ಕಳು ನಿದ್ದೆ ಹೋಗಿದ್ದವು. ರಾತ್ರಿಯೆಲ್ಲ ಕಟ್ಟಿ ಬಂದವು. ಅವುಗಳ ಮೇಷ್ಟ್ರುಗಳು, ಮೇಡಂಗಳು ಕೆಂಪು ಕಣ್ಣು ಬಿಟ್ಟುಕೊಂಡು ಎಲ್ಲೋ ನೋಡುತ್ತಾ ನಿಂತಿದ್ದರು, ಮಾತಾಡಿಸಿದರೆ ತಡವಾಗಿ ತಿರುಗುತ್ತಿದ್ದರು. ಮೇಜುಗಳ ಮೇಲೆ ಯಂತ್ರಗಳು ಮಾತ್ರ ಆಗಾಗ ಒಂದು ಗಾಲಿ, ಒಂದು ಕೈ ಮಿಡುಕಿಸುತ್ತಿದ್ದವು. ಆ ಹಾಲ್‌ನಲ್ಲಿ ಎಚ್ಚರವಾಗಿ ಇದ್ದವು ಅವೇ ಅನ್ನಿಸಿ ನಾನು ಮೇಷ್ಟ್ರ ತೋಳು ಹಿಡಿದುಕೊಂಡೆ.

ನಮ್ಮ ಸರದಿ ಬಂತು. ಪವಿ ಯಂತ್ರವನ್ನು ಗೆರೆಯ ಮೇಲಿಟ್ಟು ಸ್ವಿಚ್ಚು ಒತ್ತಿದಳು. ಗುನುಗಿತು, ಹೊರಟಿತು. ಮೊದಲ ಪೆಟ್ಟಿಗೆ ದಾಟಿತು, ಎರಡನೆಯದನ್ನು ಬಳಸಿಕೊಂಡಿತು. ನಟ್ಟನಡುವೆ ನಿಂತಿತು. ಆಮೇಲೆ ಮೆಲ್ಲಗೆ ತಿರುಗಿ, ದೀಪಕ್ಕೆ ಬೆನ್ನು ಹಾಕಿ, ನಮ್ಮ ಕಡೆಗೇ ಬರತೊಡಗಿತು. ನೆಟ್ಟಗೆ, ಮೇಷ್ಟ್ರು ಕುಳಿತಿದ್ದ ಕುರ್ಚಿಯ ಕಡೆಗೇ. ಕರೆದ ಹಾಗೆ.

ಮಕ್ಕಳೆಲ್ಲ ಮೇಷ್ಟ್ರ ಮುಖ ನೋಡಿದವು. ಮೇಷ್ಟ್ರ ಬೆರಳುಗಳು ತಿರುಗತೊಡಗಿದವು, ಅವರು ಅರ್ಧ ಎದ್ದರು. ಮತ್ತೆ ಅವರೇ ಕುಳಿತರು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಕುಳಿತರು.

ಪವಿ ನಮ್ಮ ಕಡೆ ನೋಡುತ್ತಾ ನಿಂತಿದ್ದಳು. ಆಮೇಲೆ ಅವಳ ಕಣ್ಣು ನಮ್ಮನ್ನು ಬಿಟ್ಟು ಮೇಲಕ್ಕೆ ಹೋಯಿತು. ನಮ್ಮ ಹಿಂದೆ ಒಂದು ದೊಡ್ಡ ಕಿಟಕಿ, ಅದರ ತುಂಬ ಬಿಸಿಲು. "ಲೇ, ಬಿಸ್ಲು ಕಣ್ರೇ!" ಅಂತ ಕೂಗಿದಳು. ಒಂದು ಸಲ ಎತ್ತಿಕೊಂಡು ಮತ್ತೆ ಮೊದಲಿನಿಂದ ಬಿಡಲು ಅವಕಾಶ ಇತ್ತು. ಓಡಿಬಂದು ನನ್ನ ತೊಡೆಯ ಮೇಲಿನ ಮಂಡಕ್ಕಿ ಪೊಟ್ಟಣ ಕಿತ್ತುಕೊಂಡಳು, ಮಂಡಕ್ಕಿ ನೆಲಕ್ಕೆಲ್ಲ ಚೆಲ್ಲಿತು. ಆ ಕಾಗದ ಹರಿದು ಎರಡು ಕೊಳವೆ ಸುತ್ತಿ, ಯಂತ್ರದ ಕಣ್ಣುಗಳಿಗೆ ಸಿಕ್ಕಿಸಿ, ನೆಟ್ಟಗೆ ಮುಂದಿನದು ಬಿಟ್ಟು ಬೇರೆ ಏನೂ ಕಾಣದ ಹಾಗೆ ಮಾಡಿ, ಮತ್ತೆ ಗೆರೆಯ ಮೇಲಿಟ್ಟಳು. ಅದು ಹೋಯಿತು ನೋಡಿ! ಪೆಟ್ಟಿಗೆಗಳನ್ನೆಲ್ಲ ದಾಟಿ, ಹೋಗಿ, ದೀಪದ ಬುಡದಲ್ಲಿ ನಿಂತು ಸುಮ್ಮನಾಯಿತು. ನಾನು ಕೂಗಿದ ಕೂಗಿಗೆ ಪಕ್ಕದ ಮೇಜಿನಲ್ಲಿ ಮಲಗಿದ್ದ ಮಕ್ಕಳೆಲ್ಲ ಬೆಚ್ಚಿ ಎದ್ದವು.

ಬಾವುಟ ಎತ್ತಿದ ಹೊಸದುರ್ಗದ ಮಕ್ಕಳಿಗೆ ಮೊದಲ ಬಹುಮಾನ, ನಮಗೆ ಎರಡನೆಯದು. ತವರಿನವರಿಗೆ ತಾನೇ ಹೋಗಿದ್ದು ಅಂತ ಅದಕ್ಕೂ ನಾನು ಚಪ್ಪಾಳೆ ಹೊಡೆದೆ.

ವಾಪಸು ಬರುವಾಗ ಮಕ್ಕಳು ಟೆಂಪೊದಲ್ಲಿ ಹಾಡಿಕೊಂಡು ಮುಂದೆ ಹೋದವು. ಪವಿ ಮಾತ್ರ ನಮ್ಮ ಜೊತೆ ಉಳಿದಳು. ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ, ನಡುವೆ ನಾನು, ಈ ಕಡೆ ಮೇಷ್ಟ್ರು. ಐಮಂಗಲ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಮೇಷ್ಟ್ರ ತಲೆ ನನ್ನ ಭುಜದ ಮೇಲೆ ವಾಲಿತು. ಅವರ ಕೈ ನೋಡಿದೆ. ಮಡಿಲಲ್ಲಿ ಬಿದ್ದಿದ್ದವು. ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ಇಷ್ಟು ದಿನ ಕುಳಿತರೂ ನಿಂತರೂ ತಿರುಗುತ್ತಿದ್ದ ಬೆರಳುಗಳು. ಮುಖ ನೋಡಿದರೆ ಬಾಯಿ ತೆರೆದಿದೆ, ಬಣ್ಣವಿಲ್ಲ. ಪವಿಗೆ ಕಾಣದ ಹಾಗೆ ನನ್ನ ಬೆರಳನ್ನು ಅವರ ಮೂಗಿನ ಕೆಳಗೆ ಹಿಡಿದೆ. ಬಸ್ಸು ಹಳ್ಳಕ್ಕಿಳಿದು ಎದ್ದಿತು, ಏನೂ ತಿಳಿಯಲಿಲ್ಲ. ಹಾಗೇ ಹಿಡಿದುಕೊಂಡು ಕುಳಿತೆ. ಆಮೇಲೆ ಬೆಚ್ಚಗೆ ಒಂದು ಉಸಿರು ಬಂದು ಬೆರಳಿಗೆ ತಾಗಿತು. ಇನ್ನೊಂದು ಬಂತು. ಆಮೇಲೆ ಒಂದು ಗೊರಕೆ ಬಂತು ನೋಡಿ, ಮುಂದಿನ ಸೀಟಿನವರು ತಿರುಗಿ ನೋಡಿದರು!

"ಹಿರಿಯೂರು, ಹಿರಿಯೂರು, ಇಳೀರ್ರಿ ಬೇಗ!" ಅಂತ ಕಂಡಕ್ಟರ್ ಕೂಗಿದ.

ಪವಿ ಬ್ಯಾಗು ಹಿಡಿದು ಎದ್ದಳು. ಮೇಷ್ಟ್ರ ಮುಖ ನೋಡಿ, ನನ್ನ ಮುಖ ನೋಡಿ, ಮತ್ತೆ ಕುಳಿತುಕೊಂಡಳು.

"ಏನಜ್ಜಿ, ನಿಮ್ಮೂರಲ್ಲವಾ ಇದು? ಇಳಿಯಲ್ವಾ?" ಅಂದ ಕಂಡಕ್ಟರ್.

"ಮೆಲ್ಲಗೆ ಮಾತಾಡಪ್ಪ," ಅಂದೆ. "ಮುಂದೆ ಶಿರಾ ತನಕ ಮೂರು ಟಿಕೆಟ್ ಕೊಡು."